ವಿಲಿಯಮ್ ಕೇರಿಯವರೂ ಅವರ ಮನೆಯವರೂ

ವಿಲಿಯಮ್ ಕೇರಿಯವರ ಹೆಸರನ್ನು ಕೇಳದ ಸಭೆ ನಮ್ಮ ನಾಡಿನಲ್ಲಿ ಇರಲಾರದು. ಜೋಡು ಹೊಲಿಯುತ್ತಿದ್ದ ಬಡವನೊಬ್ಬನು ಬಂಗಾಲ ದೇಶಕ್ಕೆ ಬಂದು, ಹಲವು ಭಾಷೆಗಳನ್ನು ಕಲಿತು, ಸತ್ಯವೇದವನ್ನು ಆ ಭಾಷೆಗಳಿಗೆ ತಿರುಗಿಸಿ ಅಚ್ಚುಹಾಕಿಸಿದನೆಂಬ ಸಂಗತಿಯನ್ನು ಭಾನುವಾರದ ಶಾಲೆಯ ಮಕ್ಕಳೂ ಹೇಳಬಲ್ಲರು. ನಮ್ಮ ಕನ್ನಡ ನುಡಿಗೂ ಅವರ ಋಣವುಂಟು. 1817ನೆಯ ಇಸವಿಯಲ್ಲಿ ಶ್ರೀರಾಮಪುರದ ಅಚ್ಚುಕೂಟದಿಂದ ಹೊರಬಂದ ಕರ್ಣಾಟಕ ಭಾಷೆಯ ವ್ಯಾಕರಣವು ಅವರು ಬರೆದದ್ದೇ. ಆದರೆ ಕೇರಿಯವರು ಒಂಟಿಯಾಗಿ ಬಂದವರಲ್ಲವೆಂಬುದನ್ನು ನಾವು ಮರೆಯುವದುಂಟು. ಅವರ ಸಂಗಡ ಹೆಂಡತಿಯೂ ಹೆಂಡತಿಯ ತಂಗಿಯೂ ನಾಲ್ವರು ಗಂಡುಮಕ್ಕಳೂ ಹಡಗು ಹತ್ತಿದರು. ಹಿರಿಯ ಮಗನಿಗೆ ಇನ್ನೂ ಎಂಟು ವರುಷ ತುಂಬಿರಲಿಲ್ಲ; ಕಿರಿಯದು ಒಂದು ತಿಂಗಳು ದಾಟಿದ ಎಳೆಗೂಸು. ಕೇರಿಯವರ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಈ ಏಳು ಮಂದಿಯಲ್ಲಿ ಒಬ್ಬರನ್ನೇ ಹಿಂಬಾಲಿಸಿ ಹೋಗುತ್ತಾರೆ. ಈ ತಿಂಗಳು ನಾವು ಉಳಿದ ಆರು ಮಂದಿಯ ಕಡೆಗೂ ನೋಡುತ್ತಾ ಬರೆಯುವೆವು.

ಕೇರಿಯವರು 1761ನೆಯ ಇಸವಿ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಮೊದಲು ನೇಕಾರರಾಗಿದ್ದು ಅನಂತರ ಆ ಊರಿನ ಶಾಲೆಯ ಉಪಾಧ್ಯಾಯರಾದರು. ಹುಡುಗನಿಗೆ ಹೊಲದ ಕೆಲಸವೂ ಗಿಡಮರಗಳ ಕೆಲಸವೂ ಬಹಳ ಇಷ್ಟ. ಆದರೆ ಅವನಿಗೆ ಒಂದು ಬಗೆಯ ಚರ್ಮರೋಗವಿದ್ದು, ಬಿಸಿಲು ತಗಲಿದರೆ ಅದು ಉರಿದು ಹೆಚ್ಚುತ್ತಿತ್ತು. ಇಂಗ್ಲೆಂಡಿನ ಬಿಸಿಲೆಂದರೆ ಎಷ್ಟರದು? ನಮ್ಮ ಕಡೆಯ ಮಾರ್ಗಶಿರ ಮಾಸದ ಎಳೆಬಿಸಿಲಿಗೂ ಅದು ಸರಿದೂಗುವದು ಅಪರೂಪ. ಆ ಬಿಸಿಲನ್ನೂ ತಾಳಲಾರದ ಕಾರಣದಿಂದಲೇ ತಂದೆಯು ಮಗನನ್ನು ನೆರಳಿನಲ್ಲಿ ಕುಳಿತು ಮಾಡುವ ಕಸಬಿಗೆ, ಅಂದರೆ ಜೋಡು ಹೊಲಿಯುವವನೊಬ್ಬನ ಬಳಿಗೆ, ಕೆಲಸ ಕಲಿಯಲು ಬಿಟ್ಟರು. ಇಂಥ ಮೈಯುಳ್ಳ ಹುಡುಗನು ಮುಂದೆ ನಾಲ್ವತ್ತು ವರುಷ ಬಂಗಾಲದ ಬಿಸಿಲಿನಲ್ಲಿ ಬದುಕಿದನು. ಇದನ್ನು ಓದುವಾಗ ನಮಗೆ ಆಶ್ಚರ್ಯವಾಗುತ್ತದೆ. ಆದರೆ ಒಬ್ಬನ ಮೈಗೆ ಒಗ್ಗಿದ ಹವೆಯು ಮನೆಯವರೆಲ್ಲರಿಗೂ ಒಗ್ಗಬೇಕೆಂಬ ನಿಯಮವಿಲ್ಲ.

1781ನೆಯ ಇಸವಿ ಜೂನ್ ತಿಂಗಳಲ್ಲಿ, ಇಪ್ಪತ್ತು ವರುಷ ತುಂಬುವ ಮೊದಲೇ, ಅವರು ಪಿಡಿಂಗ್ಟನ್ ಹಳ್ಳಿಯ ಡೊರೊತಿ ಪ್ಲ್ಯಾಕೆಟ್ ಎಂಬಾಕೆಯನ್ನು ಮದುವೆಯಾದರು. ಡೊರೊತಿಯಮ್ಮನವರು ಗಂಡನಿಗಿಂತ ಸುಮಾರು ಐದು ವರುಷ ದೊಡ್ಡವರು. ಆಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯ ದಫ್ತರದಲ್ಲಿ ತಮ್ಮ ಹೆಸರಿಗೆ ಬದಲಾಗಿ ಶಿಲುಬೆಯಾಕಾರದ ಗುರುತನ್ನು ಹಾಕಿದರು. ನಮ್ಮ ಸಭೆಗಳ ಹಳೆಯ ಪುಸ್ತಕಗಳಲ್ಲಿ ಹೆಬ್ಬೆಟ್ಟಿನ ಗುರುತುಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅವರ ಮೊದಲನೆಯ ಕೂಸು ಆ್ಯನ್ ಎಂಬ ಹೆಣ್ಣುಮಗು ಎರಡನೆಯ ವರುಷದಲ್ಲಿ ಜ್ವರದಿಂದ ಸತ್ತಿತು. ಅದೇ ಜ್ವರವು ತಂದೆಯನ್ನೂ ಬಹುಕಾಲ ಹಾಸಿಗೆ ಹಿಡಿಸಿತು, ಅವರ ತಲೆಗೂದಲೆಲ್ಲಾ ಉದುರಿಹೋಯಿತು. ಆ ಮೇಲೆ ಫೀಲಿಕ್ಸ್, ವಿಲಿಯಮ್, ಪೀಟರ್ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು. ಕೇರಿಯವರು ಬೋಧಕರಾಗಿ ಮೌಲ್ಟನ್ ಊರಿಗೂ ಅಲ್ಲಿಂದ 1789ರಲ್ಲಿ ಲೆಸ್ಟರ್ ಪಟ್ಟಣಕ್ಕೂ ಹೋದರು. ಲೆಸ್ಟರಿನಲ್ಲಿ ಲೂಸಿ ಎಂಬ ಇನ್ನೊಂದು ಹೆಣ್ಣುಮಗುವೂ ತೀರಿಕೊಂಡಿತು. ಹೀಗೆ ಡೊರೊತಿಯಮ್ಮನವರು ತಮ್ಮ ಹುಟ್ಟುನಾಡಿನ ತಂಪಾದ ಹವೆಯಲ್ಲಿಯೇ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1792ನೆಯ ಇಸವಿ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ಕೆಲವು ಬ್ಯಾಪ್ಟಿಸ್ಟ್ ಬೋಧಕರು ಕೂಡಿ ಒಂದು ಮಿಶನನ್ನು ಸ್ಥಾಪಿಸಿದರು. ಆ ಸಾಯಂಕಾಲ ಬರೆದುಕೊಂಡ ಚಂದಾ ಹದಿಮೂರು ಪೌಂಡು ಚಿಲ್ಲರೆ. ಮರುವರುಷದ ಜನವರಿಯಲ್ಲಿ, ಮೊದಲೇ ಬಂಗಾಲದಲ್ಲಿದ್ದು ಬಂದಿದ್ದ ಜಾನ್ ಥಾಮಸ್ ಎಂಬ ವೈದ್ಯರನ್ನು ಅಲ್ಲಿಗೆ ಕಳುಹಿಸುವದೆಂದು ನಿಶ್ಚಯವಾಗಲು, ಕೇರಿಯವರು ತಾವೂ ಹೋಗುವೆವೆಂದು ಆ ಸಭೆಯಲ್ಲಿಯೇ ಒಪ್ಪಿಕೊಂಡರು. ಹೆಂಡತಿಯನ್ನು ಕೇಳಿದ್ದು ಆ ಮೇಲೆ.

ಅಮ್ಮನವರು ಒಲ್ಲೆನೆಂದರು. ಇದನ್ನು ಅವಿಶ್ವಾಸವೆಂದೂ ಮೊಂಡುತನವೆಂದೂ ಬರೆದವರುಂಟು. ನಮಗೆ ಹಾಗೆ ತೋರುವದಿಲ್ಲ. ಅವರು ಆಗ ಬಸುರಿ; ಮಡಿಲಲ್ಲಿ ಮೂವರು ಚಿಕ್ಕ ಮಕ್ಕಳು. ಅವರು ಹುಟ್ಟಿ ಬೆಳೆದ ಸೀಮೆಯು ಸಮುದ್ರದಿಂದ ದೂರದ ಒಳನಾಡು. ಆ ವರುಷ ಫೆಬ್ರವರಿ 1ರಂದು ಫ್ರಾನ್ಸ್ ದೇಶವು ಇಂಗ್ಲೆಂಡಿನ ಮೇಲೆ ಯುದ್ಧ ಸಾರಿದ್ದರಿಂದ ಕಡಲ ದಾರಿಯಲ್ಲಿ ಶತ್ರುಗಳ ಭಯವೂ ಇತ್ತು. ಈಸ್ಟ್ ಇಂಡಿಯಾ ಕಂಪೆನಿಯವರು ಮಿಶನರಿಗಳಿಗೆ ಅಪ್ಪಣೆ ಕೊಡುತ್ತಿರಲಿಲ್ಲ. ಸಂಬಳ ಎಷ್ಟು ಕಾಲ ನಡೆಯುವದೋ ಕಳುಹಿಸುವವರಿಗೇ ತಿಳಿಯದು. ಇಷ್ಟನ್ನೆಲ್ಲಾ ಕಂಡು ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಇಲ್ಲಿಯೇ ಇರುತ್ತೇನೆಂದರೆ, ಆಕೆಗೆ ಬುದ್ಧಿಯಿಲ್ಲವೆಂದು ಯಾರು ಹೇಳಬಹುದು? ಕೊನೆಗೆ ಕೇರಿಯವರು ಹಿರಿಯ ಮಗನಾದ ಫೀಲಿಕ್ಸನನ್ನು ಮಾತ್ರ ಕರಕೊಂಡು ಹೊರಡುವದೆಂದೂ, ಅಲ್ಲಿ ನೆಲೆ ಸಿಕ್ಕಿದ ಮೇಲೆ ಉಳಿದವರನ್ನು ಕರೆಸುವದೆಂದೂ ಮಾತಾಯಿತು. ಅಮ್ಮನವರು ಪಿಡಿಂಗ್ಟನ್ನಿನ ತಮ್ಮವರ ಬಳಿಗೆ ಹೋದರು. ಈ ಏರ್ಪಾಡು ಹಾಗೆಯೇ ನಡೆದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲನು. ಆದರೂ ಮನೆಯನ್ನು ಮೊದಲು ಕಟ್ಟಿ ಮಕ್ಕಳನ್ನು ಆ ಮೇಲೆ ಕರೆಸುವದು ತಿಳುವಳಿಕೆಯ ಮಾರ್ಗವೆಂದು ನಾವು ಎಣಿಸುತ್ತೇವೆ.

ಏಪ್ರಿಲ್ ತಿಂಗಳಲ್ಲಿ ಅವರು ಹತ್ತಿದ ಹಡಗು ವೈಟ್ ದ್ವೀಪದ ಬಳಿಯಲ್ಲಿ ವಾರಗಟ್ಟಲೆ ನಿಂತಿತು. ಆ ಅವಧಿಯಲ್ಲಿ, ಮೇ ತಿಂಗಳ ಆರಂಭದಲ್ಲಿ, ಪಿಡಿಂಗ್ಟನ್ನಿನಲ್ಲಿ ಗಂಡುಮಗು ಹುಟ್ಟಿತು. ಅದಕ್ಕೆ ಯಾಬೇಚನೆಂದು ಹೆಸರಿಟ್ಟರು. ಅಷ್ಟರಲ್ಲಿ ಇವರಿಗೆ ಕಂಪೆನಿಯ ರಹದಾರಿ ಇಲ್ಲವೆಂಬ ಸುದ್ದಿಯೂ ಥಾಮಸರ ಸಾಲಗಾರರ ಗಲಾಟೆಯೂ ಸೇರಿ, ಹಡಗಿನ ಕಪ್ತಾನನು ಇವರನ್ನು ಕೆಳಗಿಳಿಸಿಬಿಟ್ಟನು. ಥಾಮಸರು ಲಂಡನಿಗೆ ಓಡಿ, ಡೇನರ ಹಡಗೊಂದು ಕೆಲವೇ ದಿನಗಳಲ್ಲಿ ಡೋವರ್ ರೇವಿನ ಮಾರ್ಗವಾಗಿ ಹೊರಡಲಿದೆಯೆಂದು ತಿಳುಕೊಂಡರು. ಇಬ್ಬರೂ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಪಿಡಿಂಗ್ಟನ್ನಿಗೆ ಬಂದು ಅಮ್ಮನವರನ್ನು ಮತ್ತೆ ಕೇಳಿದರು. ಬಾಣಂತಿ ಮತ್ತೆ ಒಲ್ಲೆನೆಂದರು. ಗಂಡನು ಹೊರಟು ಸ್ವಲ್ಪ ದೂರ ಹೋದ ಮೇಲೆ ಥಾಮಸರು ತಡೆಯಲಾರದೆ ಹಿಂದಿರುಗಿ ಬಂದು, ಈಗ ಉಳಿದರೆ ಕುಟುಂಬವು ಎಂದೆಂದಿಗೂ ಚದರಿಹೋಗುವದೆಂದೂ ಆಕೆಯು ಜೀವಮಾನವೆಲ್ಲಾ ಪಶ್ಚಾತ್ತಾಪಪಡಬೇಕಾಗುವದೆಂದೂ ಹೇಳಿ ಹೆದರಿಸಿದರು. ಆಗ ಅಮ್ಮನವರು, ತಂಗಿಯಾದ ಕ್ಯಾಥರೀನಳು ಸಂಗಡ ಬರುವದಾದರೆ ತಾವೂ ಬರುವೆವೆಂದು ಒಡಂಬಟ್ಟರು. ತಂಗಿಯೂ ಒಪ್ಪಿದಳು. ಮನೆಯ ಸಾಮಾನನ್ನು ಮಾರಿ, ಬೇಕಾದ್ದನ್ನು ಕಟ್ಟಿ, ಮಕ್ಕಳನ್ನು ಹೊರಡಿಸುವದಕ್ಕೆ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕಾಲ ಸಿಕ್ಕಲಿಲ್ಲ. ನಾವು ಸಂತೆಗೆ ಹೋಗುವದಕ್ಕೂ ಇಷ್ಟು ಆತುರಪಡುವದಿಲ್ಲ. ಹಣ ಸಾಲದೆ ಥಾಮಸರೂ ಕ್ಯಾಥರೀನಳೂ ಸೇವಕರ ದರದಲ್ಲಿ ಪ್ರಯಾಣ ಮಾಡಿದರು. ಕಪ್ತಾನನು ದಯಾಳುವಾಗಿದ್ದು ಎಲ್ಲರನ್ನೂ ಸಮಾನವಾಗಿ ನಡಿಸಿದನು.

1793ನೆಯ ಇಸವಿ ಜೂನ್ 13ರಂದು ಹಡಗು ಹೊರಟಿತು. ಸುಮಾರು ಐದು ತಿಂಗಳ ಪ್ರಯಾಣ. ಆಫ್ರಿಕದ ತುದಿಯ ಬಳಿಯಲ್ಲಿ ದೊಡ್ಡ ಬಿರುಗಾಳಿಯೆದ್ದು ಹಡಗಿನ ಪಟಸ್ತಂಭಗಳು ಮುರಿದವು. ಆದರೂ ಕೂಸು ಸಾಯಲಿಲ್ಲ, ಹುಡುಗರು ಗಟ್ಟಿಯಾಗಿಯೇ ಇದ್ದರು. ನವೆಂಬರ್ ತಿಂಗಳ ಎರಡನೆಯ ವಾರದಲ್ಲಿ ಅವರು ಕಲ್ಕತ್ತದಲ್ಲಿ ಇಳಿದರು.

ನವೆಂಬರ್ ಅಂದರೆ ಬಂಗಾಲದಲ್ಲಿ ಮಳೆ ನಿಂತು ಚಳಿ ಆರಂಭವಾಗುವ ಕಾಲ. ಹೊಸಬರಿಗೆ ವರುಷದಲ್ಲಿ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಹವೆಯು ಹೀಗೆ ಅನುಕೂಲವಾಗಿದ್ದರೂ ಮನೆಯ ಏರ್ಪಾಡು ಅನುಕೂಲವಾಗಿರಲಿಲ್ಲ. ಮಿಶನಿನವರು ಹಣದ ಬದಲಾಗಿ ಮಾರತಕ್ಕ ಸರಕನ್ನು ಕೊಟ್ಟು ಕಳುಹಿಸಿದ್ದರು. ಅದರ ಕೈವಾಡವು ಥಾಮಸರ ವಶದಲ್ಲಿತ್ತು. ಒಳ್ಳೆಯ ಮನುಷ್ಯರಾದರೂ ಅವರಿಗೆ ದುಡ್ಡಿನ ಹಿಡಿತ ತಿಳಿಯದು. ವಾರಗಳೊಳಗಾಗಿ ಹಣ ಕರಗಿತು. ಕಲ್ಕತ್ತದಲ್ಲಿ ಬಾಡಿಗೆ ಹೆಚ್ಚಾದದರಿಂದ ಕೇರಿಯವರು ಮನೆಮಂದಿಯನ್ನು ಹೂಗ್ಲಿ ನದಿಯ ಮೇಲ್ಗಡೆಯಲ್ಲಿರುವ ಬ್ಯಾಂಡೆಲಿಗೆ ಕರಕೊಂಡು ಹೋದರು. ಅಲ್ಲಿ ನೆಲೆಯಾಗದೆ ಪುನಃ ಕಲ್ಕತ್ತಕ್ಕೆ ತಂದರು. ಕೊನೆಗೆ ಮಾಣಿಕತಲಾ ಎಂಬ ತಗ್ಗು ಪ್ರದೇಶದಲ್ಲಿ ಬಂಗಾಲಿ ಸಾಹುಕಾರನೊಬ್ಬನು ದಯೆಯಿಂದ ಬಿಟ್ಟುಕೊಟ್ಟ ತೋಟದ ಚಿಕ್ಕ ಮನೆಯಲ್ಲಿ ಇಟ್ಟರು. ಎರಡು ತಿಂಗಳಿನೊಳಗೆ ಮೂರು ಸಾರಿ ಮನೆ ಬಿಚ್ಚಿ ಕಟ್ಟುವ ಕೆಲಸ ಯಾರ ಪಾಲಿಗೆ ಬಿದ್ದಿರಬೇಕೆಂದು ನಮ್ಮ ಸಹೋದರಿಯರಿಗೆ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ಡೊರೊತಿಯಮ್ಮನವರಿಗೂ ಫೀಲಿಕ್ಸನಿಗೂ ರಕ್ತಭೇದಿ ಹಿಡಿಯಿತು. ತಿಂಗಳುಗಟ್ಟಲೆ ಅದು ಬಿಡಲಿಲ್ಲ. ಎದೆಹಾಲು ಕುಡಿಯುವ ಕೂಸು, ಭೇದಿಯಿಂದ ಸೊರಗಿದ ತಾಯಿ, ಪರದೇಶ, ಕೈಯಲ್ಲಿ ಕಾಸಿಲ್ಲ. ಅಕ್ಕತಂಗಿಯರು ತಮಗೆ ರೊಟ್ಟಿಯಿಲ್ಲ, ದಿನವೂ ಅನ್ನವೇ ಗತಿಯಾಯಿತೆಂದು ನೊಂದುಕೊಂಡರು. ಥಾಮಸರು ಪಟ್ಟಣದಲ್ಲಿ ದೊಡ್ಡ ಮನೆ ಮಾಡಿ ಆಳುಕಾಳುಗಳನ್ನಿಟ್ಟುಕೊಂಡಿರುವದನ್ನು ಕಂಡು ಅವರಿಗೆ ಇನ್ನೂ ವ್ಯಥೆಯಾಯಿತು. ಕೇರಿಯವರಿಗೆ ಇದು ಲೋಕಾಶೆಯ ಗೊಣಗಾಟವೆಂದು ತೋರಿತು. ತಮ್ಮ ದಿನಚರಿಯಲ್ಲಿ ಅವರು ಅದನ್ನು ದುಃಖದಿಂದ ಬರೆದಿಟ್ಟಿದ್ದಾರೆ. ನಮಗಾದರೋ ಗೊಣಗಾಟವಾಗಿ ಕಾಣುವದಿಲ್ಲ. ರಾಗಿ ಮುದ್ದೆಯಲ್ಲಿ ಬೆಳೆದವನು ಅನ್ನದ ಸೀಮೆಗೆ ಹೋಗಿ ಹೊಟ್ಟೆ ಕೆಟ್ಟು ಮಲಗಿದಾಗ ಮೊದಲು ನೆನಸುವದು ತನ್ನ ತಾಯಿಯ ಕೈಮುದ್ದೆಯನ್ನೇ. ಕಾಯಿಲೆಯವಳು ತನ್ನ ಊರಿನ ರೊಟ್ಟಿಯನ್ನು ಬೇಡುವದು ಹೊಟ್ಟೆಯ ಮಾತು, ಆಶೆಯ ಮಾತಲ್ಲ.

ಆ ಕಾಲದವರಿಗೆ ಈ ರೋಗಗಳ ಮೂಲ ತಿಳಿದಿರಲಿಲ್ಲವೆಂಬುದನ್ನೂ ಹೇಳಬೇಕು. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ವೈದ್ಯರೂ ನಂಬಿದ್ದರು. ಚಳಿಜ್ವರವು ಸೊಳ್ಳೆಯ ಮೂಲಕ ಹರಡುವದೆಂಬುದಕ್ಕೆ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಆಧಾರವನ್ನು ಕಂಡುಹಿಡಿದದ್ದು 1897ರಲ್ಲಿ, ಅಂದರೆ ಕೇರಿಯವರು ಬಂದ ನೂರು ವರುಷಗಳ ಮೇಲೆ. ಕುಡಿಯುವ ನೀರನ್ನು ಕುದಿಸಬೇಕೆಂದು ಇಂದು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ಆಗ ಆ ಮಾತನ್ನು ಹೇಳುವವರಿರಲಿಲ್ಲ. ಅದೇ ಬಂಗಾಲದ ಬನಗಾಂವ್ ಎಂಬಲ್ಲಿ 1971ರಲ್ಲಿ ನಿರಾಶ್ರಿತರು ವಾಂತಿಭೇದಿಯಿಂದ ರಾಶಿರಾಶಿಯಾಗಿ ಸಾಯುತ್ತಿದ್ದಾಗ, ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು ಸಕ್ಕರೆಗಳನ್ನು ಗೊತ್ತಾದ ಅಳತೆಯಲ್ಲಿ ಬೆರಸಿದ ನೀರನ್ನು ತಾಯಂದಿರ ಕೈಯಿಂದಲೇ ಕುಡಿಸಿ, ಸಾಯುವವರ ಲೆಕ್ಕವನ್ನು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಸಿದರು. ಮಗುವಿಗೆ ಭೇದಿಯಾದಾಗ ನೀರು ಕೊಡಬಾರದೆಂದು ಈಗಲೂ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅಂಥ ಮಾತನ್ನು ಕೇಳಬೇಡಿರಿ.

1794ರ ಫೆಬ್ರವರಿಯಲ್ಲಿ ಕೇರಿಯವರು ಸಾಲ ಮಾಡಿ ದೋಣಿ ಹತ್ತಿಸಿ, ಮನೆಯವರನ್ನು ಕಲ್ಕತ್ತದ ಪೂರ್ವಕ್ಕಿರುವ ಸುಂದರಬನದ ಕಾಡುನಾಡಿಗೆ ತಕ್ಕೊಂಡು ಹೋದರು. ಅಲ್ಲಿ ಕಂದಾಯವಿಲ್ಲದೆ ನೆಲ ಸಿಕ್ಕುವದೆಂದೂ ಉತ್ತು ಬಿತ್ತಿ ಬದುಕಬಹುದೆಂದೂ ಅವರ ಎಣಿಕೆ. ತಾಯಿಯೂ ಫೀಲಿಕ್ಸನೂ ಇನ್ನೂ ಭೇದಿಯಿಂದ ನರಳುತ್ತಿದ್ದರು. ಈಗ ಬಾಂಗ್ಲಾದೇಶದೊಳಗಿರುವ ದೇವಹಾಟ ಎಂಬ ಊರಿನ ಬಳಿಯಲ್ಲಿ ಅವರು ದಡದ ಮೇಲೆ ಇಂಗ್ಲಿಷರ ಮನೆಯೊಂದನ್ನು ಕಂಡರು. ಅಲ್ಲಿದ್ದವರು ಕಂಪೆನಿಯ ಉಪ್ಪಿನ ಇಲಾಖೆಯ ಅಧಿಕಾರಿಯಾದ ಚಾರ್ಲ್ಸ್ ಶಾರ್ಟ್ ಎಂಬವರು. ಅವರು ಭಕ್ತಿವಂತರೆಂದು ಹೆಸರಾದವರಲ್ಲ, ಮಿಶನಿನ ವಿಷಯದಲ್ಲಿ ಅವರಿಗೆ ಆಸಕ್ತಿಯೂ ಇರಲಿಲ್ಲ. ಆದರೂ ಗುರುತು ಪರಿಚಯವಿಲ್ಲದ ಏಳು ಮಂದಿಯನ್ನು ಒಳಗೆ ಕರೆದು, ಎಷ್ಟು ಕಾಲ ಬೇಕಾದರೂ ಇರಬಹುದೆಂದು ಅನ್ನವಿಟ್ಟರು. ರೋಗಿಗಳು ಅಲ್ಲಿ ಚೇತರಿಸಿಕೊಂಡರು. ಕೇರಿಯವರ ಗಂಡುಮಕ್ಕಳ ಜೀವವನ್ನು ಆ ವರುಷ ಉಳಿಸಿದವರು ಯಾರೆಂದು ನಮ್ಮನ್ನು ಕೇಳಿದರೆ, ನಾವು ದೇವರ ನಂತರ ಈ ಉಪ್ಪಿನ ಅಧಿಕಾರಿಯ ಹೆಸರನ್ನೇ ಹೇಳುವೆವು.

ನದಿಯ ದಡದಲ್ಲಿ ಕಾಡು ಕಡಿದು ಕೇರಿಯವರು ಬಿದಿರಿನ ಗುಡಿಸಲನ್ನು ಕಟ್ಟತೊಡಗಿದರು. ಸುತ್ತಲೂ ಹುಲಿಯ ಭಯ. ಅಷ್ಟರಲ್ಲಿ ಉತ್ತರದ ಮಾಲ್ದಾ ಸೀಮೆಯಿಂದ ಥಾಮಸರ ಪತ್ರ ಬಂತು. ಜಾರ್ಜ್ ಉಡ್ನಿ ಎಂಬ ದೊರೆಗಳು ಮದನಾವತಿಯಲ್ಲಿರುವ ತಮ್ಮ ನೀಲಿಯ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಕೇರಿಯವರಿಗೆ ಕೊಡಲು ಸಿದ್ಧರಿದ್ದರು; ಸಂಬಳ ತಿಂಗಳಿಗೆ ಇನ್ನೂರು ರೂಪಾಯಿ. ಬಡತನ ಮುಗಿಯಿತೆಂದು ಎಲ್ಲರಿಗೂ ಸಂತೋಷವಾಯಿತು. ಆದರೆ ತಂಗಿ ಕ್ಯಾಥರೀನಳು ದೇವಹಾಟದಲ್ಲಿಯೇ ಉಳಿದಳು. ಶಾರ್ಟರು ಆಕೆಯನ್ನು ಮದುವೆಯಾಗಲು ಕೇಳಿದ್ದರು. ತಂಗಿಯು ಸುಖವಾದ ಮನೆಯನ್ನು ಸೇರಿದಳು, ಅದಕ್ಕೆ ಯಾರೂ ಮತ್ಸರಪಡಬಾರದು. ಆದರೆ ಯಾವ ಒಂದು ಮಾತಿನ ಮೇಲೆ ಡೊರೊತಿಯಮ್ಮನವರು ಹುಟ್ಟೂರನ್ನು ಬಿಟ್ಟು ಬಂದಿದ್ದರೋ ಆ ಮಾತು ಒಂದು ವರುಷ ತುಂಬುವ ಮೊದಲೇ ಮುರಿದುಹೋಯಿತು.

ಮೇ ತಿಂಗಳ ಕೊನೆಯ ಉರಿಬಿಸಿಲಿನಲ್ಲಿ ಹೊರಟು, ಮೂರು ವಾರಗಳ ದೋಣಿಪ್ರಯಾಣ ಮಾಡಿ, ಅವರು ಮಾಲ್ದಾ ಸೇರಿದರು. ಅಲ್ಲಿಂದ ಮುಂದೆ, ಈಗ ಮಾಲ್ದಾ ಜಿಲ್ಲೆಗೆ ಸೇರಿದ ಮದನಾವತಿಯಲ್ಲಿ, ಅವರಿಗೆ ಎರಡಂತಸ್ತಿನ ಇಟ್ಟಿಗೆಯ ಮನೆ ದೊರೆಯಿತು. ಮನೆ ಒಳ್ಳೆಯದು, ಸ್ಥಳ ಒಳ್ಳೆಯದಲ್ಲ. ಮಳೆಗಾಲದಲ್ಲಿ ನದಿಯುಕ್ಕಿ ಹೊಲಗಳೆಲ್ಲಾ ನೀರಾಗಿ, ನೀರಿಳಿದ ಮೇಲೆ ಊರೆಲ್ಲಾ ಚಳಿಜ್ವರದಿಂದ ಮಲಗುವ ಸೀಮೆಯದು. ಸಪ್ಟೆಂಬರಿನಲ್ಲಿ ಕೇರಿಯವರಿಗೇ ಕಠಿಣವಾದ ಜ್ವರ ಬಂದು ಸಾಯುವ ಹಾಗಾದರು. ಅವರು ಏಳುವಷ್ಟರಲ್ಲಿ ಐದು ವರುಷದ ಪೀಟರನು ಭೇದಿಯಿಂದ ಮಲಗಿದನು. ಎರಡು ವಾರಗಳೊಳಗೆ ಅವನು ತೀರಿಕೊಂಡನು.

ಅವನ ಮಣ್ಣಿನ ಸಂಗತಿಯನ್ನು ಬಿಡದೆ ಬರೆಯಬೇಕು. ಶವಪೆಟ್ಟಿಗೆಯನ್ನು ಮಾಡುವದಕ್ಕೆ ಬಡಗಿ ಒಪ್ಪಲಿಲ್ಲ. ಹೆಣ ಮುಟ್ಟಿದರೆ ಜಾತಿ ಕೆಡುವದೆಂಬ ಭಯದಿಂದ ಊರಿನವರೂ ಕಾರ್ಖಾನೆಯ ಆಳುಗಳೂ ಹಿಂದೆ ಸರಿದರು. ಬಹಳ ಬೇಡಿಕೊಂಡ ಮೇಲೆ ನಾಲ್ವರು ಮುಸಲ್ಮಾನರು ಕುಣಿ ತೋಡಿದರು. ಹೊರುವವರಿಗಾಗಿ ಮೈಲುಗಟ್ಟಲೆ ಹುಡುಕಿಯೂ ಪ್ರಯೋಜನವಾಗಲಿಲ್ಲ. ಜ್ವರದಿಂದೆದ್ದ ತಂದೆಯೂ ತಾಯಿಯೂ ತಾವೇ ಹೊರಬೇಕೆಂದಿದ್ದಾಗ, ಕೊನೆಗೆ ಮನೆಯ ಜಾಡಮಾಲಿಯು ಮುಂದೆ ಬಂದನು. ಊರಿನ ಮುಖಂಡನು ಕುಣಿ ತೋಡಿದ ನಾಲ್ವರ ಸಂಗಡ ಯಾರೂ ಉಣ್ಣಬಾರದು, ಹುಕ್ಕ ಸೇದಬಾರದೆಂದು ಬಹಿಷ್ಕಾರ ಹಾಕಿದನು. ಕೇರಿಯವರು ಆ ಮುಖಂಡನನ್ನು ಕರೆಸಿ, ಅವನು ಅವರ ಸಂಗಡ ಕುಳಿತು ಉಂಡು ಸಮಾಧಾನವಾಗುವ ತನಕ ಬಿಡಲಿಲ್ಲ. ಇಂಥ ಬಹಿಷ್ಕಾರವೆಂದರೆ ಏನೆಂದು ನಮ್ಮ ವಾಚಕರಲ್ಲಿ ಕೆಲವರ ತಾತಮುತ್ತಾತಂದಿರು ಚೆನ್ನಾಗಿ ಅರಿತಿದ್ದರು, ಹೆಚ್ಚು ಹೇಳುವದಿಲ್ಲ.

ಇಬ್ಬರು ಹೆಣ್ಣುಮಕ್ಕಳ ಮೇಲೆ ಈಗ ಮೂರನೆಯ ಕೂಸು. ತಂಗಿ ದೂರ. ನುಡಿ ತಿಳಿಯದ ಊರು. ಭೇದಿ ಮತ್ತೆ ಮತ್ತೆ ಮರುಕಳಿಸುತ್ತಿತ್ತು. 1795ರಿಂದ ಡೊರೊತಿಯಮ್ಮನವರ ಬುದ್ಧಿಯು ಸ್ವಾಧೀನ ತಪ್ಪಿತು. ಗಂಡನು ತಮಗೆ ದ್ರೋಹ ಮಾಡುತ್ತಾನೆಂಬ ಒಂದೇ ಸುಳ್ಳು ಎಣಿಕೆಯು ಅವರನ್ನು ಹಿಡಿದು ಬಿಡಲಿಲ್ಲ. ಬೀದಿಯಲ್ಲಿ ಹಿಂಬಾಲಿಸಿ ಕೂಗುವದೂ ಆಯಿತು, ಗಂಡನ ಪ್ರಾಣಕ್ಕೆ ಅಪಾಯವಾಗುವ ಸ್ಥಿತಿಯೂ ಬಂತು. ನಮ್ಮ ಹಳ್ಳಿಗಳಲ್ಲಿ ಇಂಥವರಿಗೆ ಗಾಳಿ ಸೋಕಿತೆನ್ನುತ್ತಾರೆ, ಸಭೆಯವರಲ್ಲಿ ಕೆಲವರು ಪಾಪದ ಫಲವೆನ್ನುತ್ತಾರೆ. ಅದು ರೋಗ. ಮುರಿದ ಕಾಲು ಹೇಗೆ ರೋಗವೋ ಹಾಗೆಯೇ ರೋಗ. 1796ರ ಆರಂಭದಲ್ಲಿ, ಈ ಸ್ಥಿತಿಯಲ್ಲಿಯೇ, ಅವರು ಯೋನಾಥಾನನೆಂಬ ಕೊನೆಯ ಮಗನನ್ನು ಹೆತ್ತರು. ಕೇರಿಯವರು ಹೆಂಡತಿಯನ್ನು ಹುಚ್ಚರ ಆಸ್ಪತ್ರೆಗೆ ಕಳುಹಿಸದೆ ಮನೆಯಲ್ಲಿಯೇ ಇಟ್ಟುಕೊಂಡರು. ಕೆಟ್ಟ ದಿನಗಳಲ್ಲಿ ಬಾಗಿಲಿಗೆ ಬೀಗ ಹಾಕಬೇಕಾಯಿತು. ಪಕ್ಕದ ಕೋಣೆಯಿಂದ ಆ ಕೂಗು ಕೇಳುತ್ತಿರಲಾಗಿ ಅವರು ಹೊಸ ಒಡಂಬಡಿಕೆಯನ್ನು ಬಂಗಾಲಿಗೆ ತಿರುಗಿಸುತ್ತಿದ್ದರು. ಈ ತಾಳ್ಮೆಯನ್ನು ಹೊಗಳುವ ಉಪದೇಶಗಳನ್ನು ನಾವು ಬಹಳ ಕೇಳಿದ್ದೇವೆ, ಹೊಗಳುವದು ಸರಿಯೇ. ಬಾಗಿಲಿನ ಆ ಕಡೆಯಲ್ಲಿ ಕುಳಿತಿದ್ದವರನ್ನು ನೆನಸುವ ಉಪದೇಶವನ್ನು ನಾವಿನ್ನೂ ಕೇಳಲಿಲ್ಲ.

ಕೇರಿಯವರಿಗೆ ಗಿಡಗಳ ಮೇಲಿನ ಪ್ರೀತಿ ಇಲ್ಲಿಯೂ ಹೋಗಲಿಲ್ಲ. ಇಂಗ್ಲೆಂಡಿನಿಂದ ಬೀಜಗಳನ್ನು ತಪ್ಪದೆ ಕಳುಹಿಸಬೇಕೆಂದು ಸ್ನೇಹಿತರಿಗೆ ಬರೆಯುತ್ತಿದ್ದರು. ಬೇರೆ ಹವೆಯಿಂದ ಬಂದ ಸಸಿಗೆ ನೆರಳು ಕಟ್ಟಬೇಕು, ಕಾಲ ನೋಡಿ ನೆಡಬೇಕು, ಮೊದಲ ಬೇಸಿಗೆ ದಾಟುವ ತನಕ ಕಾಯಬೇಕೆಂಬುದು ಯಾವ ತೋಟಗಾರನೂ ಅರಿತ ಮಾತು. ಈ ಆರೈಕೆಯಲ್ಲಿ ಅರ್ಧವಾದರೂ ಪಿಡಿಂಗ್ಟನ್ನಿನಿಂದ ಕಿತ್ತು ತಂದ ಮನೆಗೆ ದೊರೆತಿದ್ದರೆ ಎಂದು ನಮ್ಮ ಮನಸ್ಸು ಹಲುಬುತ್ತದೆ. ಕೇರಿಯವರ ಮಾನವನ್ನು ಕುಂದಿಸಲು ಇದನ್ನು ಬರೆಯುವದಿಲ್ಲ. ಅವರ ಕಾಲಧೂಳಿಗೂ ನಾವು ಸಮರಲ್ಲ.

1799ರ ಅಕ್ಟೋಬರಿನಲ್ಲಿ ಜೋಶುವಾ ಮಾರ್ಷ್‌ಮನ್ನರೂ ಅವರ ಹೆಂಡತಿ ಹನ್ನಾ ಅಮ್ಮನವರೂ ವಿಲಿಯಮ್ ವಾರ್ಡರೂ ಇತರರೂ ಬಂದಿಳಿದರು. ಕಂಪೆನಿಯವರು ತಮ್ಮ ನೆಲದಲ್ಲಿ ಇರಗೊಡದ್ದರಿಂದ, ಕಲ್ಕತ್ತದ ಮೇಲ್ಗಡೆ ಹೂಗ್ಲಿಯ ಪಡುದಡದಲ್ಲಿ ಡೇನರ ಅಧೀನವಾಗಿದ್ದ ಶ್ರೀರಾಮಪುರ ಪಟ್ಟಣದಲ್ಲಿ ನಿಂತರು. ಹವೆಯ ಕಾಟ ಅವರನ್ನೂ ಬಿಡಲಿಲ್ಲ. ಗ್ರಾಂಟ್ ಎಂಬವರು ಬಂದ ಮೂರನೆಯ ವಾರದಲ್ಲಿಯೇ ಸತ್ತರು. 1801ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಫೌಂಟನ್, ಬ್ರನ್ಸ್‌ಡನ್, ಥಾಮಸ್ ಈ ಮೂವರೂ ಸಮಾಧಿ ಸೇರಿದರು.

1800ನೆಯ ಇಸವಿ ಜನವರಿ 10ರಂದು ಕೇರಿಯವರು ಮದನಾವತಿಯನ್ನು ಬಿಟ್ಟು, ಬುದ್ಧಿ ತಪ್ಪಿದ ಹೆಂಡತಿಯೊಂದಿಗೂ ನಾಲ್ವರು ಹುಡುಗರೊಂದಿಗೂ ಶ್ರೀರಾಮಪುರಕ್ಕೆ ಬಂದರು. ಈ ಸಾರಿಯ ಸ್ಥಳಾಂತರವು ಮೊದಲಿನವುಗಳಂತಲ್ಲ. ನದಿಯ ದಡದಲ್ಲಿ ದೊಡ್ಡ ಮನೆಯೊಂದನ್ನು ಕೊಂಡು, ಕುಟುಂಬಗಳೆಲ್ಲಾ ಒಂದೇ ಪಂಕ್ತಿಯಲ್ಲಿ ಉಣ್ಣುವದೆಂದೂ ಗಳಿಕೆಯೆಲ್ಲಾ ಒಂದೇ ಪೆಟ್ಟಿಗೆಗೆ ಬೀಳುವದೆಂದೂ ಏರ್ಪಾಡು ಮಾಡಿಕೊಂಡರು. ಒಬ್ಬಳು ಮಲಗಿದರೆ ಇನ್ನೊಬ್ಬಳು ಅಡಿಗೆಯ ಕಡೆ ನೋಡುವಳು. ಒಬ್ಬನ ಮಗು ಅತ್ತರೆ ಇನ್ನೊಬ್ಬನ ಹೆಂಡತಿ ಎತ್ತುವಳು. ಕೇರಿಯವರ ಮಕ್ಕಳು ಆ ಹೊತ್ತಿಗೆ ಯಾರ ಹಿಡಿತವೂ ಇಲ್ಲದೆ ಕಾಡುಗಿಡಗಳಂತೆ ಬೆಳೆದಿದ್ದರು. ತಾಯಿಗೆ ಶಕ್ತಿಯಿಲ್ಲ, ತಂದೆಗೆ ಸಮಯವಿಲ್ಲ. ಜೊತೆಗೆ ಕೇರಿಯವರು ಮಕ್ಕಳನ್ನು ಗದರಿಸಲಾರದ ಮೆತ್ತನೆಯ ತಂದೆ. ಹನ್ನಾ ಅಮ್ಮನವರು ಆ ಹುಡುಗರಿಗೆ ಬಟ್ಟೆ ಹೊಲಿದು ಹಾಕಿ, ಪಾಠ ಹೇಳಿ, ತಪ್ಪು ಮಾಡಿದಾಗ ತಿದ್ದಿ, ತಮ್ಮ ಮಕ್ಕಳಂತೆ ನೋಡಿಕೊಂಡರು. ವಾರ್ಡರು ಫೀಲಿಕ್ಸನನ್ನು ಅಚ್ಚುಕೂಟಕ್ಕೆ ಕರಕೊಂಡು ಕೆಲಸ ಕಲಿಸಿ, ಅಣ್ಣನಂತೆ ಬುದ್ಧಿ ಹೇಳಿದರು. ಪಟ್ಟಣಕ್ಕೆ ಹೊಸದಾಗಿ ಬಂದ ಮನೆಗೆ ನೆರೆಯವರು ಏನಾಗಬಹುದೆಂಬುದಕ್ಕೆ ನಾವು ಈ ಇಬ್ಬರಿಗಿಂತ ಒಳ್ಳೆಯ ದೃಷ್ಟಾಂತವನ್ನು ಕಾಣೆವು.

ಅದೇ ವರುಷ ಡಿಸೆಂಬರ್ 28ರಂದು, ಬಡಗಿಯಾದ ಕೃಷ್ಣಪಾಲನೂ ಹದಿನೈದು ವರುಷದ ಫೀಲಿಕ್ಸನೂ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಕೃಷ್ಣಪಾಲನು ಅಲ್ಲಿಯ ಮಿಶನಿನ ಮೊದಲನೆಯ ಬಂಗಾಲಿ ವಿಶ್ವಾಸಿ. ಕೇರಿಯವರು ಒಂದು ಕಡೆಯಲ್ಲಿ ಮಗನನ್ನೂ ಇನ್ನೊಂದು ಕಡೆಯಲ್ಲಿ ಕೃಷ್ಣಪಾಲನನ್ನೂ ನಡಿಸಿಕೊಂಡು ನೀರಿಗಿಳಿದರು. ಆ ಹೊತ್ತಿನಲ್ಲಿ ಡೊರೊತಿಯಮ್ಮನವರು ಬೀಗ ಹಾಕಿದ ಕೋಣೆಯಲ್ಲಿ ಕೂಗುತ್ತಿದ್ದರು. ಥಾಮಸರೂ ಹರ್ಷಾತಿರೇಕದಿಂದ ಬುದ್ಧಿ ಕಲಕಿ ಇನ್ನೊಂದು ಕೋಣೆಯಲ್ಲಿದ್ದರು.

1801ರಲ್ಲಿ ಬಂಗಾಲಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಕೇರಿಯವರು ಕಲ್ಕತ್ತದ ಫೋರ್ಟ್ ವಿಲಿಯಮ್ ಕಾಲೇಜಿನಲ್ಲಿ ಬಂಗಾಲಿ ಭಾಷೆಯ ಉಪಾಧ್ಯಾಯರಾದರು. ಮುಂದಿನ ಅವರ ಕಾರ್ಯಗಳನ್ನು ವಾಚಕರು ಬಲ್ಲರು. ಡೊರೊತಿಯಮ್ಮನವರು ಹನ್ನೆರಡು ವರುಷ ಆ ಸ್ಥಿತಿಯಲ್ಲಿದ್ದು, 1807ನೆಯ ಇಸವಿ ಡಿಸೆಂಬರ್ 8ರಂದು ಜ್ವರದಿಂದ ಶ್ರೀರಾಮಪುರದಲ್ಲಿ ತೀರಿಕೊಂಡರು. ಅವರು ತಮ್ಮ ಹುಟ್ಟೂರನ್ನು ಮತ್ತೆ ನೋಡಲಿಲ್ಲ. ಕೇರಿಯವರು ಮರುವರುಷ ಶಾರ್ಲೊಟ್ ರೂಮೊರ್ ಎಂಬಾಕೆಯನ್ನು ಮದುವೆಯಾದರು. ಅವರು ಡೇನರ ಅಧೀನದ ಸೀಮೆಯವರು, ರೋಗಕ್ಕೆ ಬೆಚ್ಚಗಿನ ಹವೆ ಬೇಕೆಂದೇ ಶ್ರೀರಾಮಪುರಕ್ಕೆ ಬಂದಿದ್ದವರು. ಒಬ್ಬರನ್ನು ಕೊಂದ ಹವೆಯನ್ನು ಇನ್ನೊಬ್ಬರು ಮದ್ದೆಂದು ಹುಡುಕಿಕೊಂಡು ಬಂದರು.

ಹುಡುಗರಿಗಾದರೋ ಬಂಗಾಲವೇ ಹುಟ್ಟೂರಿನಂತಾಯಿತು. ಫೀಲಿಕ್ಸನು ಬಂಗಾಲಿ ಭಾಷೆಯನ್ನು ಅಲ್ಲಿಯವರಂತೆಯೇ ಬಲ್ಲವನಾಗಿ, ವೈದ್ಯವನ್ನೂ ಕಲಿತು, ಬ್ರಹ್ಮದೇಶದ ರಂಗೂನಿಗೆ ಹೋಗಿ ಜನರಿಗೆ ಸಿಡುಬಿನ ಚುಚ್ಚುಮದ್ದನ್ನು ಹಾಕಿದನು. 1814ರಲ್ಲಿ ಐರಾವತಿ ನದಿಯಲ್ಲಿ ಅವನ ದೋಣಿ ಮಗುಚಿಬಿದ್ದು ಅವನ ಹೆಂಡತಿಯೂ ಮಕ್ಕಳೂ ಮುಳುಗಿಹೋದರು. ಅವನೊಬ್ಬನು ಬದುಕಿ, ಕೆಲವು ವರುಷ ಅಲೆದು, ತಂದೆಯ ಬಳಿಗೆ ಬಂದು ಬಂಗಾಲಿಯಲ್ಲಿ ಶರೀರಶಾಸ್ತ್ರದ ಪುಸ್ತಕವನ್ನು ಬರೆದು, 1822ರಲ್ಲಿ ಸತ್ತನು. ವಿಲಿಯಮನು ಕಾಟ್ವಾ ಊರಿನಲ್ಲಿ ಮಿಶನರಿಯಾದನು. ಒಂದು ತಿಂಗಳ ಕೂಸಾಗಿ ಹಡಗು ಹತ್ತಿದ ಯಾಬೇಚನು ದೊಡ್ಡವನಾಗಿ ಮೊದಲು ಅಂಬೊಯ್ನಾ ದ್ವೀಪಕ್ಕೂ ಆ ಮೇಲೆ ರಾಜಸ್ಥಾನದ ಅಜಮೇರಿಗೂ ಹೋಗಿ ಶಾಲೆಗಳನ್ನು ನಡಿಸಿದನು. ಮದನಾವತಿಯಲ್ಲಿ ಹುಟ್ಟಿದ ಯೋನಾಥಾನನು ಕಲ್ಕತ್ತದಲ್ಲಿ ವಕೀಲನಾದನು.

ಕೇರಿಯವರು 1834ನೆಯ ಇಸವಿ ಜೂನ್ 9ರ ಬೆಳಿಗ್ಗೆ ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ವತ್ತು ವರುಷಗಳಲ್ಲಿ ಒಂದು ಸಾರಿಯೂ ಅವರು ಇಂಗ್ಲೆಂಡಿಗೆ ಹಿಂದಿರುಗಿರಲಿಲ್ಲ. ಪೀಟರನ ಸಮಾಧಿಯು ಮದನಾವತಿಯ ಆ ತಗ್ಗುನೆಲದಲ್ಲಿಯೇ ಉಳಿಯಿತು.